ಬಾಲ್ ಕೈಗೆ ಬರೋಕೆ ಮುಂಚೆನೇ ನೋಡಿರ್ಬೇಕು: ಬಾಸ್ಕೆಟ್‌ಬಾಲ್ ಪ್ರಶ್ನೋತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಸುಮಾರು ಪಾಸಿಂಗ್ ಬಗ್ಗೆನೇ ಇವೆ. ನನಗೆ ತುಂಬಾ ಇಷ್ಟವಾದ ವಿಷಯ, ಹಾಗಾಗಿ ಒಂದೆರಡು ಉತ್ತರ ಉದ್ದ ಆಗಿದೆ.

ಪ್ರಶ್ನೆ: ನಾನು ಕಾಲೇಜ್ ಟೀಮಲ್ಲಿ ಪಾಯಿಂಟ್ ಗಾರ್ಡ್, ಅಂದ್ರೆ ಬಾಲ್ ತಗೊಂಡು ಬಂದು ಆಟ ನಡೆಸೋ ಕೆಲಸ ನನ್ನದು. ನಮ್ಮಲ್ಲಿ ಎತ್ತರ ಇರೋರು ಯಾರೂ ಇಲ್ಲ, ಸ್ಪೀಡೂ ಅಷ್ಟಕ್ಕಷ್ಟೆ. ಪಾಸಿಂಗ್ ಚೆನ್ನಾಗಿದ್ರೆ ದೊಡ್ಡ ಟೀಮನ್ನೂ ಸೋಲಿಸ್ಬಹುದು ಅಂತ ಕೋಚ್ ಹೇಳ್ತಾನೇ ಇರ್ತಾರೆ. ಇದು ನಿಜವಾಗ್ಲೂ ಆಗೋ ಮಾತಾ, ಇಲ್ಲ ಬರೀ ಧೈರ್ಯ ತುಂಬೋಕೆ ಹೇಳೋದಾ?

ಉತ್ತರ: ಆಗೋ ಮಾತೇ, ಆಗಿದೆ ಕೂಡ. 1996ರ ಮಾರ್ಚ್‌ನಲ್ಲಿ ಅಮೆರಿಕದ ಕಾಲೇಜು ಟೀಮುಗಳ ರಾಷ್ಟ್ರೀಯ ಟೂರ್ನಮೆಂಟಾದ ಎನ್‌ಸಿಎಎಯ ಮೊದಲ ರೌಂಡಲ್ಲಿ ಪ್ರಿನ್ಸ್‌ಟನ್ ಯೂನಿವರ್ಸಿಟಿ ಟೀಮು ಯುಸಿಎಲ್‌ಎ ಟೀಮನ್ನ 43-41ರಲ್ಲಿ ಸೋಲಿಸ್ತು. ಯುಸಿಎಲ್‌ಎ ಅಂದ್ರೆ ಕ್ಯಾಲಿಫೋರ್ನಿಯಾದ ಯೂನಿವರ್ಸಿಟಿ ಟೀಮು, ಹಿಂದಿನ ವರ್ಷದ ಚಾಂಪಿಯನ್. ಪ್ರಿನ್ಸ್‌ಟನ್ ಇರೋ ಐವಿ ಲೀಗ್ ಅನ್ನೋ ಯೂನಿವರ್ಸಿಟಿ ಗುಂಪಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಕೊಡಲ್ಲ, ಅಂದ್ರೆ ಬೇರೆ ಕಾಲೇಜುಗಳ ಥರ ಒಳ್ಳೊಳ್ಳೆ ಆಟಗಾರರನ್ನ ಫೀಸ್ ಇಲ್ಲದೆ ಕರ್ಕೊಂಡು ಬರೋ ದಾರಿನೇ ಅವರಿಗಿಲ್ಲ. ಪೀಟ್ ಕ್ಯಾರಿಲ್ ಅನ್ನೋ ಕೋಚ್ ಅಲ್ಲಿ 29 ಸೀಸನ್ ಇದ್ರು, ತನಗೆ ಸಿಕ್ಕಿರೋ ಹುಡುಗರಿಂದ ಏನಾಗತ್ತೆ ಅಂತ ಯೋಚನೆ ಮಾಡಿ ಪಾಸು, ಕಟ್ (ಬಾಲ್ ಇಲ್ಲದೆ ಬಾಸ್ಕೆಟ್ ಕಡೆ ಚಟ್ಟನೆ ಓಡೋದು), ತಾಳ್ಮೆ ಈ ಮೂರರ ಮೇಲೇ ಇಡೀ ಆಟ ಕಟ್ಟಿದ್ರು.

ಆವತ್ತಿನ ಮ್ಯಾಚಲ್ಲಿ ಒಂದು ಹಂತದಲ್ಲಿ ಸ್ಕೋರ್ 41-34, ಯುಸಿಎಲ್‌ಎ ಮುಂದೆ. ಅಲ್ಲಿಂದ ಯುಸಿಎಲ್‌ಎಗೆ ಒಂದು ಪಾಯಿಂಟೂ ಬರ್ಲಿಲ್ಲ, ಪ್ರಿನ್ಸ್‌ಟನ್ ಸಾಲಾಗಿ ಒಂಬತ್ತು ಪಾಯಿಂಟ್ ಹೊಡೀತು. ಕೊನೇ ಬಾಸ್ಕೆಟ್ ನೋಡ್ಬೇಕು ನೀವು. ಸೆಂಟರ್ ಸ್ಟೀವ್ ಗುಡ್ರಿಚ್ ಹೈ ಪೋಸ್ಟ್ (ಫ್ರೀ ಥ್ರೋ ಗೆರೆ ಹತ್ರದ ಜಾಗ) ಕಡೆ ಬಾಲ್ ಹಿಡ್ಕೊಂಡು ನಿಂತಿದ್ದಾರೆ, ವಿಂಗಲ್ಲಿ (ಕೋರ್ಟಿನ ಪಕ್ಕದ ಕಡೆ) ಗೇಬ್ ಲೆವುಲ್ಲಿಸ್. ಡಿಫೆಂಡರ್ ಬಾಲ್ ಕಡೆ ಒಂದು ಹೆಜ್ಜೆ ವಾಲಿದ್ದೇ ತಡ ಲೆವುಲ್ಲಿಸ್ ಅವನ ಬೆನ್ನ ಹಿಂದಿನಿಂದ ಬಾಸ್ಕೆಟ್ಟಿಗೆ ನುಗ್ಗಿದ್ರು, ಅಷ್ಟರಲ್ಲಿ ನೆಲಕ್ಕೆ ಒಂದು ಸಲ ಪುಟಿಯೋ ಬೌನ್ಸ್ ಪಾಸು ಬಂದು ಕೈಗೆ ಕೂತಾಗಿತ್ತು. ಲೇಅಪ್, ಅಂದ್ರೆ ಬಾಸ್ಕೆಟ್ ಹತ್ರದಿಂದಲೇ ಹಾಕೋ ಶಾಟ್. ಗಡಿಯಾರದಲ್ಲಿ ಉಳಿದಿದ್ದು 3.9 ಸೆಕೆಂಡ್.

ಇದು ಯಾಕೆ ವರ್ಕ್ ಆಯ್ತು ಅನ್ನೋದೇ ನಿಮಗೆ ಬೇಕಾಗಿರೋದು. ಉದ್ದ ಕೈ, ಒಳ್ಳೆ ಸ್ಪೀಡ್ ಇರೋ ಡಿಫೆಂಡರ್‌ಗೆ ಪಾಸು ಕದಿಯೋ ಆಸೆ ಜಾಸ್ತಿ, ಅದಕ್ಕೆ ಅವನು ನಿಮಗೂ ಬಾಲಿಗೂ ನಡುವೆ ಬಂದು ನಿಲ್ತಾನೆ. ಹಾಗೆ ನಿಂತ ತಕ್ಷಣ ಅವನ ಬೆನ್ನ ಹಿಂದೆ ಜಾಗ ಖಾಲಿ. ಅವನ ಶಕ್ತಿನೇ ನಿಮಗೆ ಬಾಗಿಲು ತೆಗೆದು ಕೊಡತ್ತೆ. ಇಲ್ಲಿ ಎತ್ತರ ಬೇಕಾಗಿಲ್ಲ, ಬೇಕಾಗಿರೋದು ಇಬ್ಬರು ಒಂದೇ ಕ್ಷಣದಲ್ಲಿ ಒಂದೇ ವಿಷಯ ನೋಡೋದು. ಆ ಪಾಸಲ್ಲಿ ಅರ್ಧ ಕೆಲಸ ಗುಡ್ರಿಚ್ ಅವರದ್ದು, ಇನ್ನರ್ಧ ಬಾಲ್ ಇಲ್ಲದೇ ಓಡಿದ ಲೆವುಲ್ಲಿಸ್ ಅವರದ್ದು ಅಂತ ನಾನು ಹೇಳ್ತೀನಿ.

ಹಾಗಂತ ಪಾಸಿಂಗ್ ಒಂದಿದ್ರೆ ಎಲ್ಲಾ ಗೆದ್ದುಬಿಡ್ತೀವಿ ಅಂತ ನಾನು ಹೇಳಲ್ಲ. ಅದೇ ಪ್ರಿನ್ಸ್‌ಟನ್ ಮುಂದಿನ ಮ್ಯಾಚಲ್ಲಿ ಮಿಸ್ಸಿಸಿಪ್ಪಿ ಸ್ಟೇಟ್ ಎದುರು 63-41ರಲ್ಲಿ ಸೋತು ಮನೆಗೆ ಹೋಯ್ತು. ಶಾಟ್ ಬೀಳ್ಬೇಕು, ಮಿಸ್ ಆಗಿ ಪುಟಿದ ಬಾಲ್ (ರೀಬೌಂಡ್) ಸಿಗ್ಬೇಕು. ಆದ್ರೆ ನಿಮ್ಮಂಥ ಟೀಮಿಗೆ ಗೆಲ್ಲೋ ಚಾನ್ಸ್ ಅಂತ ಒಂದು ಇದ್ರೆ ಅದು ಈ ದಾರಿಯಲ್ಲೇ ಇದೆ, ನಿಮ್ಮ ಕೋಚ್ ಮಾತು ಕೇಳಿ.

ಪ್ರಶ್ನೆ: ಎಲ್ಲರೂ ಬಾಸ್ಕೆಟ್‌ಬಾಲ್ ಐಕ್ಯೂ ಅಂತಾರಲ್ಲ, ಅದು ಹುಟ್ಟಿಂದ ಬರೋದಾ? ನನ್ನ ಮಗಳು ಓದೋದ್ರಲ್ಲಿ ಜಾಣೆ, ಕೋರ್ಟಿಗೆ ಇಳಿದ್ರೆ ಮಾತ್ರ ಬಾಲ್ ಕೈಗೆ ಬಂದ ತಕ್ಷಣ ಗಾಬರಿ ಬೀಳ್ತಾಳೆ.

ಉತ್ತರ: ನಿಮ್ಮ ಮಗಳಿಗೆ ಬುದ್ಧಿ ಕಮ್ಮಿ ಇಲ್ಲಮ್ಮ, ಅವಳು ನೋಡೋಕೆ ಶುರು ಮಾಡ್ತಿರೋದೇ ಲೇಟು. ಬಾಲ್ ಕೈಗೆ ಬಂದ ಮೇಲೆ ಯಾರು ಎಲ್ಲಿದಾರೆ ಅಂತ ಹುಡುಕೋಕೆ ಹೋದ್ರೆ ಯಾರಿಗಾದ್ರೂ ಗಾಬರಿ ಆಗತ್ತೆ, ಅಷ್ಟರಲ್ಲಿ ಡಿಫೆಂಡರ್ ಮೈಮೇಲೆ ಬಂದಿರ್ತಾನೆ. ಐಕ್ಯೂ ಅಂತ ನಾವು ಯಾವುದನ್ನ ಕರೀತೀವೋ ಅದರಲ್ಲಿ ಮುಕ್ಕಾಲು ಪಾಲು ಬಾಲ್ ಬರೋಕೆ ಮುಂಚೆ ಕತ್ತು ತಿರುಗಿಸಿ ನೋಡೋ ಅಭ್ಯಾಸ ಅಷ್ಟೆ.

ನಾನು ಕೋಚಿಂಗ್ ಮಾಡ್ತಿದ್ದಾಗ ಒಂದು ಪ್ರಾಕ್ಟೀಸ್ ಮಾಡಿಸ್ತಿದ್ದೆ. ಆಟ ನಡೀತಿರೋವಾಗ ಇದ್ದಕ್ಕಿದ್ದ ಹಾಗೆ ವಿಸಲ್ ಊದೋದು, ಎಲ್ಲರೂ ಇದ್ದಲ್ಲೇ ನಿಂತು ಕಣ್ಣು ಮುಚ್ಚಬೇಕು. ಆಮೇಲೆ ಒಬ್ಬರನ್ನ ಕೇಳೋದು, ಬಾಲ್ ಇಲ್ಲದಿರೋ ಕಡೆಯ ಕಾರ್ನರಲ್ಲಿ ನಮ್ಮವರು ಯಾರಿದಾರೆ, ಅವರ ಡಿಫೆಂಡರ್ ಅವರ ಹತ್ರ ಇದಾನಾ ಅಥವಾ ಪೇಂಟ್ (ಬಾಸ್ಕೆಟ್ ಮುಂದಿನ ಬಣ್ಣದ ಜಾಗ) ಒಳಗೆ ಬಂದಿದಾನಾ ಅಂತ. ಮೊದಲ ದಿನ ಯಾರಿಗೂ ಉತ್ತರ ಗೊತ್ತಿರ್ಲಿಲ್ಲ, ಎಲ್ಲರ ಕಣ್ಣೂ ಬಾಲ್ ಮೇಲೇ ಇತ್ತು. ಟೀಮಲ್ಲಿ ಸ್ವಲ್ಪ ನಿಧಾನ ಅನ್ನಿಸ್ಕೊಂಡಿದ್ದ ಒಬ್ಬ ಹುಡುಗಿ ಎರಡನೇ ವಾರಕ್ಕೆ ಕಣ್ಣು ಮುಚ್ಚಿಕೊಂಡೇ ಬೆರಳು ತೋರಿಸಿ ಒಂಬತ್ತೂ ಜನ ಎಲ್ಲಿದಾರೆ ಅಂತ ಹೇಳ್ತಿದ್ಲು. ಸೀಸನ್ ಮುಗಿಯೋ ಹೊತ್ತಿಗೆ ಕಷ್ಟದ ಸಮಯದಲ್ಲಿ ಎಲ್ಲರೂ ಬಾಲ್ ಕೊಡ್ತಿದ್ದಿದ್ದು ಅವಳ ಕೈಗೇ. ಅವಳ ಓಟ ಏನೂ ಜೋರಾಗಿರ್ಲಿಲ್ಲ, ನೋಟ ಮುಂಚೆ ಶುರುವಾಗ್ತಿತ್ತು.

ದೊಡ್ಡ ಮಟ್ಟದಲ್ಲಿ ಇದನ್ನ ನೋಡ್ಬೇಕಂದ್ರೆ 2019ರ ಎನ್‌ಸಿಎಎ ಟೂರ್ನಮೆಂಟಿನ ವರ್ಜೀನಿಯಾ ಮತ್ತು ಪರ್ಡ್ಯೂ ಯೂನಿವರ್ಸಿಟಿ ಮ್ಯಾಚ್ ಹುಡುಕಿ ನೋಡಿ, ಗೆದ್ದವರು ಫೈನಲ್ ಫೋರ್‌ಗೆ, ಅಂದ್ರೆ ಕೊನೇ ನಾಲ್ಕು ಟೀಮಿನ ಹಂತಕ್ಕೆ. ಕೊನೇ ಸೆಕೆಂಡುಗಳು, ವರ್ಜೀನಿಯಾ ಎರಡು ಪಾಯಿಂಟ್ ಹಿಂದೆ, ಫ್ರೀ ಥ್ರೋ ಮಿಸ್ ಆಯ್ತು, ಮಮಾದಿ ಡಿಯಾಕಿಟೆ ತಟ್ಟಿದ ಬಾಲು ಹಾರಿ ಅರ್ಧ ಕೋರ್ಟ್ ದಾಟಿ ಹಿಂದೆ ಹೋಗಿಬಿಡ್ತು. ಕೀಹೇ ಕ್ಲಾರ್ಕ್ ಅಂತ ಮೊದಲನೇ ವರ್ಷದ ಹುಡುಗ, ಟೀಮಿಗೇ ಚಿಕ್ಕವನು, ಓಡಿಹೋಗಿ ಅದನ್ನ ಹಿಡಿದ. ಅಲ್ಲಿಂದಲೇ ಎಸೆದುಬಿಟ್ಟಿದ್ರೂ ಯಾರೂ ಬೈತಿರ್ಲಿಲ್ಲ. ಪಕ್ಕದಲ್ಲೇ ಟೀಮಿನ ಒಳ್ಳೆ ಶೂಟರ್ ಟೈ ಜೆರೋಮ್ ಬಾಲ್ ಕೊಡು ಅಂತಿದ್ದ. ಕ್ಲಾರ್ಕ್ ಆ ಎರಡನ್ನೂ ಬಿಟ್ಟು ದೂರದಲ್ಲಿ ಬಾಸ್ಕೆಟ್ ಹತ್ರ ನಿಂತಿದ್ದ ಡಿಯಾಕಿಟೆಗೆ ನೇರ ಪಾಸ್ ಹೊಡೆದ, ಅವನು ಹಿಡಿದು ಬಜರ್ ಜೊತೆಗೇ ಹಾಕಿದ, 70-70. ಓವರ್‌ಟೈಮಲ್ಲಿ 80-75ಕ್ಕೆ ಗೆದ್ರು, ಆ ವರ್ಷ ಚಾಂಪಿಯನ್ನೂ ಆದ್ರು. ಹಿಂದಿನ ವರ್ಷವಷ್ಟೇ ಪುರುಷರ ಟೂರ್ನಮೆಂಟಲ್ಲಿ 16ನೇ ಸೀಡ್ ಟೀಮಿಗೆ ಸೋತ ಮೊದಲ ನಂಬರ್ ಒನ್ ಸೀಡ್ ಇದೇ ವರ್ಜೀನಿಯಾ (ಸೀಡ್ ಅಂದ್ರೆ ಟೂರ್ನಮೆಂಟಿಗೆ ಮುಂಚೆ ಕೊಡೋ ಸ್ಥಾನ, ಒಂದು ಎಲ್ಲಕ್ಕಿಂತ ಮೇಲೆ, 16 ಎಲ್ಲಕ್ಕಿಂತ ಕೆಳಗೆ)! ನನಗೆ ಆ ಪಾಸು ಎಷ್ಟು ಸಲ ನೋಡಿದ್ರೂ ಮೈ ಜುಮ್ ಅನ್ನತ್ತೆ.

ಮಗಳಿಗೆ ಒಂದೇ ಮಾತು ಹೇಳಿ: ಬಾಲ್ ತನ್ನ ಕಡೆ ಬರೋಕೆ ಮುಂಚೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ನೋಡು ಅಂತ. ಒಂದು ತಿಂಗಳು ಬಿಟ್ಟು ಮತ್ತೆ ಬರೀರಿ.

ಪ್ರಶ್ನೆ: ಬೌನ್ಸ್ ಪಾಸ್ ಒಳ್ಳೇದಾ, ಚೆಸ್ಟ್ ಪಾಸಾ?

ಉತ್ತರ: ಎದೆ ಮಟ್ಟದಿಂದ ನೇರ ತಳ್ಳೋ ಚೆಸ್ಟ್ ಪಾಸ್ ಬೇಗ ತಲುಪತ್ತೆ, ಬೌನ್ಸ್ ಪಾಸ್ ನಿಧಾನ ಆದ್ರೆ ಡಿಫೆಂಡರ್ ಕೈ ಕೆಳಗಿಂದ ಹೋಗತ್ತೆ. ಹೊರಗಡೆ ನಿಂತಿರೋ ಶೂಟರ್‌ಗೆ ಚೆಸ್ಟ್ ಪಾಸ್, ಒಳಗೆ ಕಟ್ ಮಾಡ್ತಿರೋರಿಗೆ ಅಥವಾ ಬಾಸ್ಕೆಟ್ ಹತ್ರ ಪೋಸ್ಟಲ್ಲಿ ಇರೋರಿಗೆ ಬೌನ್ಸ್. ಶೂಟರ್‌ಗೆ ಕೊಡೋವಾಗ ಅವನು ಶಾಟ್ ಎತ್ತೋ ಜಾಗಕ್ಕೇ ಬಾಲ್ ಹೋಗ್ಬೇಕು, ಮೊಣಕಾಲಿಗೆ ಕೊಟ್ಟರೆ ಅವನು ಬಗ್ಗಿ ಎದ್ದೇಳೋ ಹೊತ್ತಿಗೆ ಡಿಫೆಂಡರ್ ವಾಪಸ್ ಬಂದಿರ್ತಾನೆ.

ಪ್ರಶ್ನೆ: ನಾನು ಪಾಸ್ ಕೊಡ್ತೀನಿ, ಹೆಸರು ಬರೋದು ಬಾಸ್ಕೆಟ್ ಹಾಕಿದವನಿಗೆ. ಅವನು ಮಿಸ್ ಮಾಡಿದ್ರೆ ನನಗೆ ಅಸಿಸ್ಟೂ (ಬಾಸ್ಕೆಟ್ ಬೀಳೋಕೆ ಕಾರಣವಾದ ಪಾಸ್ ಅನ್ನೋ ಲೆಕ್ಕ) ಇಲ್ಲ. ಬೇಜಾರಾಗತ್ತೆ.

ಉತ್ತರ: ಬೇಜಾರಾಗೋದು ಸಹಜ, ಅದರಲ್ಲಿ ತಪ್ಪೇನಿಲ್ಲ. 1982ರ ಎನ್‌ಸಿಎಎ ಫೈನಲಲ್ಲಿ ಜಾರ್ಜ್‌ಟೌನ್ ಮೇಲೆ ಮೈಕಲ್ ಜೋರ್ಡನ್ ಹಾಕಿದ ಶಾಟ್ ಎಲ್ಲರಿಗೂ ಗೊತ್ತು, ನಾರ್ತ್ ಕೆರೊಲಿನಾ 63-62ಕ್ಕೆ ಗೆದ್ದಿದ್ದು. ಜೋರ್ಡನ್ ಕೈಗೆ ಬಾಲ್ ಕೊಟ್ಟ ಜಿಮ್ಮಿ ಬ್ಲ್ಯಾಕ್ ಹೆಸರು ಎಷ್ಟು ಜನಕ್ಕೆ ನೆನಪಿದೆ? ಆದ್ರೆ ಆ ಟೀಮಿನ ಕೋಚ್ ಡೀನ್ ಸ್ಮಿತ್ ಇದಕ್ಕೆ ಒಂದು ರೂಢಿ ಮಾಡಿದ್ರು. ಬಾಸ್ಕೆಟ್ ಹಾಕಿದವನು ಪಾಸ್ ಕೊಟ್ಟವನ ಕಡೆ ಬೆರಳು ತೋರಿಸ್ಬೇಕು, ಎಲ್ಲರೂ ನೋಡೋ ಹಾಗೆ. ಈಗ ಎಲ್ಲಾ ಕಡೆ ಕಾಣೋ ಅಭ್ಯಾಸ ಇದು, ನಿಮ್ಮ ಟೀಮಲ್ಲೂ ಶುರು ಮಾಡಿ ಅಂತ ಕೋಚ್‌ಗೆ ಹೇಳಿ. ಇನ್ನೊಂದು, ಸ್ಕೋರ್ ಬುಕ್ಕಲ್ಲಿ ಬರದಿದ್ರೂ ಬೆಂಚಲ್ಲಿ ಒಬ್ಬರನ್ನ ಕೂರಿಸಿ ನಿಮ್ಮದೇ ಲೆಕ್ಕ ಇಡ್ಬಹುದು, ಶಾಟ್ ಮಿಸ್ ಆದ್ರೂ ಪಾಸ್ ಒಳ್ಳೇದಿದ್ರೆ ಒಂದು ಗೆರೆ, ಅಸಿಸ್ಟ್ ಕೊಟ್ಟವನಿಗೆ ಪಾಸ್ ಕೊಟ್ಟವನಿಗೂ ಒಂದು ಗೆರೆ. ನಾವು ಹಾಗೆ ಮಾಡಿದಾಗ ಗೆರೆ ನೋಡೋಕೆ ಹುಡುಗರು ಮ್ಯಾಚ್ ಮುಗಿದ ತಕ್ಷಣ ಓಡಿ ಬರ್ತಿದ್ರು.

ಪ್ರಶ್ನೆ: ನಮ್ಮ ಟೀಮು ಪಾಸ್ ಮಾಡ್ತಾನೇ ಇರತ್ತೆ, ಶಾಟೇ ಬರಲ್ಲ. ಪಾಸ್ ಜಾಸ್ತಿ ಆಗೋದೂ ತಪ್ಪಾ?

ಉತ್ತರ: ಖಂಡಿತ ತಪ್ಪೇ. ಎನ್‌ಸಿಎಎ ಪುರುಷರ ಆಟದಲ್ಲಿ 2015ರಿಂದ ಶಾಟ್ ಕ್ಲಾಕ್, ಅಂದ್ರೆ ಬಾಲ್ ಸಿಕ್ಕ ಮೇಲೆ ಶಾಟ್ ಹೊಡೆಯೋಕೆ ಇರೋ ಟೈಮು, 30 ಸೆಕೆಂಡ್, ಅದಕ್ಕೆ ಮುಂಚೆ 35 ಇತ್ತು. ಸುಮ್ನೆ ಹೊರಗಡೆ ಬಾಲ್ ಸುತ್ತಿಸ್ತಾ ಕೂತ್ರೆ ಆ 30 ಸೆಕೆಂಡ್ ನೀವೇ ಎದುರಾಳಿಗೆ ದಾನ ಮಾಡಿದ ಹಾಗೆ. ಪಾಸ್ ಆದ ಮೇಲೆ ಒಬ್ಬ ಡಿಫೆಂಡರ್ ಆದ್ರೂ ಜಾಗ ಬಿಟ್ಟು ಓಡ್ಬೇಕಾಗಿ ಬಂತಾ ಅಂತ ನೋಡಿ. ಬಂದಿಲ್ಲ ಅಂದ್ರೆ ಆ ಪಾಸಿಂದ ಏನೂ ಆಗ್ಲಿಲ್ಲ. ಸಾಮಾನ್ಯವಾಗಿ ಹೀಗಾಗೋದು ಯಾರೂ ಡ್ರೈವ್ ಮಾಡದೇ ಇದ್ದಾಗ, ಒಬ್ಬರು ಪೇಂಟ್ ಒಳಗೆ ನುಗ್ಗಿದ್ರೆ ಅವರನ್ನ ತಡೆಯೋಕೆ ಇನ್ನೊಬ್ಬ (ಹೆಲ್ಪ್) ಡಿಫೆಂಡರ್ ಬರ್ಲೇಬೇಕು, ಆಗ ಹೊರಗೆ ಒಬ್ಬ ಫ್ರೀ ಆಗ್ತಾನೆ, ಅವನ ಮೇಲೆ ಇನ್ನೊಬ್ಬ ಓಡಿ ಬಂದ್ರೆ ಪಕ್ಕದವನು ಫ್ರೀ, ಆ ಕೊನೇ ಎಕ್ಸ್‌ಟ್ರಾ ಪಾಸಿಗೆ ಬೆಲೆ ಇರೋದು.

ಫ್ರೀ ಇದ್ದೂ ಶಾಟ್ ಬಿಟ್ಟುಕೊಟ್ಟು ಪಕ್ಕದವನಿಗೆ ಕೊಡೋದು ತ್ಯಾಗ ಅಲ್ಲ, ಆ ಶಾಟ್ ಹೊಡೀಲಿ ಅಂತಾನೇ ನಾಲ್ಕು ಜನ ಓಡಿರ್ತಾರೆ. 2016ರ ಎನ್‌ಸಿಎಎ ಫೈನಲಲ್ಲಿ 74-74, ಉಳಿದಿರೋದು 4.7 ಸೆಕೆಂಡ್, ವಿಲನೋವಾ ಯೂನಿವರ್ಸಿಟಿಯ ರಯಾನ್ ಆರ್ಚಿಡಿಯಾಕೊನೊ ಬಾಲ್ ತಗೊಂಡು ಹೋಗಿ ಹಿಂದಿನಿಂದ ಓಡಿ ಬರ್ತಿದ್ದ ಕ್ರಿಸ್ ಜೆಂಕಿನ್ಸ್‌ಗೆ ಮೆಲ್ಲಗೆ ಕೊಟ್ಟ, ಆರ್ಚಿಡಿಯಾಕೊನೊಗೆ ಅದು ಕಾಲೇಜಿನ ಕೊನೇ ವರ್ಷ, ಹೀರೋ ಆಗೋ ಚಾನ್ಸ್ ಅವನ ಕೈಯಲ್ಲೇ ಇತ್ತು. ಆ ಪಾಸ್ ಎಲ್ಲರೂ ಹೊಗಳ್ತಾರೆ, ನಾನೂ ಹೊಗಳ್ತೀನಿ. ಜೆಂಕಿನ್ಸ್ ಮಾತ್ರ ಬಾಲ್ ಕೈಗೆ ಬಂದ ಮೇಲೆ ಬೇರೆ ಯಾರನ್ನೂ ಹುಡುಕಲಿಲ್ಲ, ನೇರ ಎದ್ದು ತ್ರೀ ಪಾಯಿಂಟರ್ ಹಾಕಿದ, 77-74.