ಒಟಿಪಿ ಯಾರಿಗೂ ಕೊಟ್ಟಿಲ್ಲ, ಆದರೂ ಅಪ್ಪನ ಖಾತೆಯಿಂದ ಹತ್ತು ಸಾವಿರ ಹೋಗಿದೆ. ಹೇಗೆ?

ಮೆಸೇಜಿನಲ್ಲಿ ‘ಎಇಪಿಎಸ್’ ಅಂತಿದೆಯಾ ನೋಡಿ. ಬ್ಯಾಂಕ್ ಮಿತ್ರರ (ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವ ಏಜೆಂಟರು) ಬಳಿ ಹೆಬ್ಬೆಟ್ಟೊತ್ತಿ ಹಣ ತೆಗೆಯುವ ವ್ಯವಸ್ಥೆ ಅದು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಸಾಕು. ಒಟಿಪಿ ಕೇಳುವುದೇ ಇಲ್ಲ. ಕಳ್ಳರು ನೋಂದಣಿ ಪತ್ರಗಳಲ್ಲಿನ ಹೆಬ್ಬೆಟ್ಟಿನ ಗುರುತು ನಕಲಿಸಿ ಕೃತಕ ಬೆರಳಚ್ಚು ತಯಾರಿಸುತ್ತಾರೆ. 2023ರಲ್ಲಿ ಬೆಂಗಳೂರಿನಲ್ಲೂ ಆಸ್ತಿ ನೋಂದಣಿ ಮಾಡಿಸಿದವರಿಂದ ಇಂಥ ದೂರುಗಳು ಬಂದಿದ್ದವು.

ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆರ್‌ಬಿಐನ 2017ರ ಸುತ್ತೋಲೆ ಪ್ರಕಾರ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದ ವಂಚನೆಯನ್ನು ಮೆಸೇಜು ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಶಾಖೆಯವರು ‘ಹೆಬ್ಬೆಟ್ಟು ನಿಮ್ಮದೇ’ ಎಂದು ಸಾಗಹಾಕಲು ನೋಡಬಹುದು, ಬಗ್ಗಬೇಡಿ.

ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು ಇತ್ಯಾದಿ ಗುರುತು) ಲಾಕ್ ಮಾಡಿಬಿಡಿ. ಪಡಿತರಕ್ಕೆ ಬೆರಳು ಕೊಡುವ ದಿನ ತಾತ್ಕಾಲಿಕವಾಗಿ ತೆರೆದರಾಯಿತು.