165 ಹರ್ಟ್ಜ್ ಮಾನಿಟರ್‌ಗೆ ಹಳೆಯ ಗ್ರಾಫಿಕ್ಸ್ ಕಾರ್ಡ್ ಸಾಕಾ? ಮೊದಲು ಕೇಬಲ್ ಯಾವುದು ನೋಡಿ

ಹಳೆಯ ಕಾರ್ಡ್ ಇಟ್ಟುಕೊಂಡೇ 165 ಹರ್ಟ್ಜ್ ಮಾನಿಟರ್ ತಗೊಳ್ಳಬಹುದಾ ಅನ್ನುವ ನಿಮ್ಮ ಪ್ರಶ್ನೆ ಓದಿದಾಗ ಕೆಲವು ವರ್ಷಗಳ ಹಿಂದೆ ನಾನೇ ಬರೆದದ್ದೇನೋ ಅನ್ನಿಸಿತು. ಅದೇ ಜಿಟಿಎಕ್ಸ್ 1060, ಗೇಮ್‌ನ ಚಿತ್ರಗಳನ್ನು ತಯಾರಿಸುವ ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್. ಅದೇ 27 ಇಂಚಿನ 1440ಪಿ (2560×1440 ಪಿಕ್ಸೆಲ್), 165 ಹರ್ಟ್ಜ್ (ಸೆಕೆಂಡಿಗೆ 165 ಸಲ ಚಿತ್ರ ಬದಲಿಸಬಲ್ಲ) ಮಾನಿಟರ್ ಮೇಲೆ ಕಣ್ಣು. ಅದೇ ಅನುಮಾನ: ಕಾರ್ಡ್ 165 ಎಫ್‌ಪಿಎಸ್ (ಸೆಕೆಂಡಿಗೆ 165 ಫ್ರೇಮ್, ಅಂದರೆ ಚಿತ್ರ) ಕೊಡಲ್ಲ, ಹಾಗಾದರೆ ಮಾನಿಟರ್ ವೇಸ್ಟ್ ಆಗುತ್ತಾ, ಇಲ್ಲಾ ಕಾರ್ಡನ್ನೂ ಜೊತೆಗೇ ಬದಲಾಯಿಸಬೇಕಾ?

ಬೇಡ. ಮಾನಿಟರ್ ತಗೊಳ್ಳಿ, ಕಾರ್ಡ್ ಮುಟ್ಟಬೇಡಿ. ನಾನು ಕಾರ್ಡ್ ತಗೊಂಡೆ. ಅದಕ್ಕೋಸ್ಕರ ಹೊಸ ಪವರ್ ಸಪ್ಲೈ ಕೂಡ ತಗೊಂಡೆ. ಎರಡೂ ಆಗ ಬೇಕಿರಲಿಲ್ಲ.

ಮಾನಿಟರ್ ಬಂದ ದಿನ ನನಗೆ ತಡೆಯಲಾಗದಷ್ಟು ಆತುರ. ಹಳೆಯ 60 ಹರ್ಟ್ಜ್ ಮಾನಿಟರ್‌ನ ಎಚ್‌ಡಿಎಂಐ ಕೇಬಲ್ ಮೇಜಿನ ಕಾಲಿಗೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದು ಕಟ್ಟಿತ್ತು. ಸಿಪಿಯು ಬಾಕ್ಸ್ ಗೋಡೆಗೆ ಒತ್ತಿಕೊಂಡು ಕೂತಿತ್ತು. ಅದನ್ನೆಲ್ಲ ಯಾರು ಎಳೆಯುತ್ತಾರೆ? ಮಾನಿಟರ್ ಕಡೆಯ ತುದಿಯನ್ನಷ್ಟೇ ಕಿತ್ತು ಹೊಸದಕ್ಕೆ ಸಿಕ್ಕಿಸಿದೆ. ಚಿತ್ರ ಬಂತು. ಬಾಕ್ಸ್‌ನಲ್ಲಿ ಉಳಿದದ್ದನ್ನು ನೋಡದೆ ಮುಚ್ಚಿ ಬೀರುವಿನ ಮೇಲಿಟ್ಟೆ.

ಮೊದಲ ನೋಟಕ್ಕೆ ಖುಷಿಯೇ ಆಯಿತು. ಅಕ್ಷರಗಳು ಚೂಪಾಗಿದ್ದವು, ಎರಡು ಕಿಟಕಿಗಳನ್ನು ಅಕ್ಕಪಕ್ಕ ತೆರೆದಿಟ್ಟರೂ ಜಾಗ ಉಳಿಯುತ್ತಿತ್ತು. ಆದರೆ ಎಲ್ಲರೂ ಹೇಳುವ ಆ ನಯ ಎಲ್ಲೂ ಕಾಣಲಿಲ್ಲ. ಮೌಸ್ ಆಡಿಸಿದೆ, ಗೇಮ್ ಹಾಕಿದೆ, ತಂಗಿಯನ್ನು ಕರೆದು ತೋರಿಸಿದೆ. ಅವಳು ಒಂದು ನಿಮಿಷ ನೋಡಿ, "ಅಣ್ಣಾ, ದೊಡ್ಡದಾಗಿದೆ ಅಷ್ಟೇ ಅಲ್ವಾ?" ಅಂದಳು. ನನಗೂ ಹಾಗೇ ಅನ್ನಿಸಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ.

ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದೆ. ರಿಫ್ರೆಶ್ ರೇಟ್ (ಅದೇ ಹರ್ಟ್ಜ್) ಪಟ್ಟಿಯಲ್ಲಿ ಇದ್ದದ್ದು 60, ಅದರ ಕೆಳಗೆ 59. ಅಷ್ಟೇ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪರದೆಯ ವೇಗವನ್ನು ಕಾರ್ಡ್‌ನ ಫ್ರೇಮ್‌ಗಳಿಗೆ ಹೊಂದಿಸುವ ಜಿ-ಸಿಂಕ್ ಅನ್ನುವ ಪುಟವೇ ಇರಲಿಲ್ಲ. ನಾನು ತೀರ್ಮಾನಕ್ಕೆ ಬಂದೇಬಿಟ್ಟೆ: ಕಾರ್ಡ್ ಹಳೆಯದು, ಅದಕ್ಕೆ ಶಕ್ತಿ ಸಾಲದು. ಓದಿದ ಕಡೆಯೆಲ್ಲ "1440ಪಿಗೆ 1060 ಸಾಲದು" ಅಂತಲೇ ಬರೆದಿದ್ದರು. ನನ್ನ ಅನುಮಾನಕ್ಕೆ ಸಾಕ್ಷಿ ಸಿಕ್ಕಂತಾಯಿತು.

ನಾನು ದಾರಿ ತಪ್ಪಿದ್ದು ಇಲ್ಲೇ. ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ. ಕಾರ್ಡ್ ಸೆಕೆಂಡಿಗೆ ಎಷ್ಟು ಫ್ರೇಮ್ ತಯಾರಿಸುತ್ತದೆ ಅನ್ನುವುದು ಒಂದು ವಿಷಯ. ಆ ಫ್ರೇಮ್‌ಗಳು ಮಾನಿಟರ್‌ಗೆ ಹೋಗುವ ದಾರಿ ಎಷ್ಟು ಅಗಲ ಅನ್ನುವುದು ಪೂರ್ತಿ ಬೇರೆ ವಿಷಯ. ಸೆಟ್ಟಿಂಗ್ಸ್ ಪಟ್ಟಿಯಲ್ಲಿ 165 ಕಾಣದಿರುವುದಕ್ಕೂ ಗೇಮ್‌ನಲ್ಲಿ ಕಾರ್ಡ್ ಎಷ್ಟು ಗಟ್ಟಿ ಅನ್ನುವುದಕ್ಕೂ ಸಂಬಂಧವೇ ಇಲ್ಲ. ಆ ಪಟ್ಟಿ ದಾರಿಯ ಅಗಲವನ್ನು ಹೇಳುತ್ತದೆ. ನಾನು ಅದನ್ನು ಕಾರ್ಡ್‌ನ ಶಕ್ತಿ ಅಂತ ಓದಿಕೊಂಡೆ.

ಎರಡು ತಿಂಗಳು ಕಾದು ಆರ್‌ಟಿಎಕ್ಸ್ 3060 ತಂದೆ. ನನ್ನ ಹಳೆಯ ಪವರ್ ಸಪ್ಲೈನಲ್ಲಿ ಕಾರ್ಡ್‌ಗೆ ಅಂತ ಇದ್ದದ್ದು ಒಂದೇ 6 ಪಿನ್ ವೈರ್. ತಂದ ಕಾರ್ಡ್‌ಗೆ 8 ಪಿನ್ ಬೇಕಿತ್ತು. ಸರಿ, ಪವರ್ ಸಪ್ಲೈ ಕೂಡ ಬಂತು. ಒಂದು ಭಾನುವಾರ ಪೂರ್ತಿ ಕೂತು ಎಲ್ಲ ಬಿಚ್ಚಿ ಜೋಡಿಸಿದೆ. ಕೊನೆಗೆ ಅದೇ ಎಚ್‌ಡಿಎಂಐ ಕೇಬಲನ್ನು ಹೊಸ ಕಾರ್ಡ್‌ಗೆ ಸಿಕ್ಕಿಸಿದೆ. ಪಟ್ಟಿ ತೆರೆದರೆ 60, 59.

ಡ್ರೈವರ್ ತೆಗೆದು ಮತ್ತೆ ಹಾಕಿದೆ. ವಿಂಡೋಸನ್ನೇ ಹೊಸದಾಗಿ ಹಾಕಿದೆ. ಮಾನಿಟರೇ ಕೆಟ್ಟಿದೆ ಅಂತ ಅಂದುಕೊಂಡೆ. ಹೀಗೇ ಇನ್ನೂ ಮೂರು ವಾರ ಹೋಯಿತು.

ಈ ಗಂಟು ಬಿಡಿಸಿದ್ದು ತಂಗಿ. ಹಳೆಯ 1060 ಅವಳಿಗೆ ಬೇಕಿತ್ತು, ಅದನ್ನು ಸುತ್ತಿಡಲು ಫೋಮ್ ಹುಡುಕುತ್ತಾ ಬೀರುವಿನ ಮೇಲಿದ್ದ ಮಾನಿಟರ್ ಬಾಕ್ಸ್ ಇಳಿಸಿದಳು. ಕೆಳಗಿನ ಫೋಮ್‌ನ ಗುಳಿಯಲ್ಲಿ ಒಂದು ಕಪ್ಪು ಕೇಬಲ್ ಇತ್ತು. ಕವರ್ ಒಡೆದಿರಲಿಲ್ಲ, ಕಟ್ಟಿದ್ದ ಬಿಳಿ ವೈರ್ ಹಾಗೇ ಇತ್ತು. ತುದಿ ಎಚ್‌ಡಿಎಂಐ ಥರ ಎರಡೂ ಕಡೆ ಇಳಿಜಾರಾಗಿರಲಿಲ್ಲ. ಒಂದೇ ಮೂಲೆ ಓರೆಯಾಗಿ ಕತ್ತರಿಸಿದ ಹಾಗಿತ್ತು, ಮೇಲೆ ಒತ್ತುವ ಗುಂಡಿ, ಒತ್ತಿದರೆ ಎರಡು ಸಣ್ಣ ಕೊಕ್ಕೆ ಒಳಗೆ ಹೋಗುತ್ತಿದ್ದವು. ಡಿಸ್‌ಪ್ಲೇಪೋರ್ಟ್ ಕೇಬಲ್. ಪಕ್ಕದಲ್ಲೇ ಕೈಪಿಡಿ. ಅದರ ಕೊನೆಯ ಪುಟಗಳಲ್ಲಿ ಒಂದು ಸಣ್ಣ ಕೋಷ್ಟಕ: ಎಚ್‌ಡಿಎಂಐ ಸಾಲಿನಲ್ಲಿ 2560×1440, 60 ಹರ್ಟ್ಜ್. ಡಿಸ್‌ಪ್ಲೇಪೋರ್ಟ್ ಸಾಲಿನಲ್ಲಿ 2560×1440, 165 ಹರ್ಟ್ಜ್.

ಮಾನಿಟರ್ ಹಿಂದಿದ್ದ ಎಚ್‌ಡಿಎಂಐ ಪೋರ್ಟ್ 1.4 ಆವೃತ್ತಿಯದು. ಲೆಕ್ಕ ಹಾಕಿ ತೋರಿಸುತ್ತೇನೆ, ಒಮ್ಮೆ ಇದು ತಲೆಗೆ ಹೋದರೆ ಯಾವ ಮಾನಿಟರ್ ಬಗ್ಗೆಯೂ ನೀವೇ ನಿರ್ಧಾರ ಮಾಡಬಹುದು. 2560ನ್ನು 1440ರಿಂದ ಗುಣಿಸಿದರೆ 36,86,400 ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ 24 ಬಿಟ್. ಇದನ್ನು ಸೆಕೆಂಡಿಗೆ 60 ಸಲ ಕಳಿಸಲು ಸುಮಾರು 5.3 ಗಿಗಾಬಿಟ್ ಬೇಕು. 165 ಸಲ ಕಳಿಸಲು ಸುಮಾರು 14.6 ಗಿಗಾಬಿಟ್. ಇದು ಬರೀ ಚಿತ್ರದ ಲೆಕ್ಕ, ನಿಜವಾಗಿ ಹೋಗುವ ಸಿಗ್ನಲ್ ಇನ್ನೂ ಸ್ವಲ್ಪ ಜಾಸ್ತಿ. ಎಚ್‌ಡಿಎಂಐ 1.4ರ ಮೇಲೆ 10.2 ಗಿಗಾಬಿಟ್ ಅಂತ ಬರೆದಿರುತ್ತಾರೆ, ಆದರೆ 10 ಬಿಟ್ ಕಳಿಸಿದರೆ ಅದರಲ್ಲಿ 8 ಮಾತ್ರ ಚಿತ್ರದ್ದು. ಹಾಗಾಗಿ ಕೈಗೆ ಸಿಗುವುದು 8.16. ಎಚ್‌ಡಿಎಂಐ 2.0ಗೆ 18 ಅಂತ ಬರೆದರೂ ಸಿಗುವುದು 14.4. ನೋಡಿದಿರಾ? 14.6 ಅಲ್ಲೂ ಹಿಡಿಸಲ್ಲ. ಅದಕ್ಕೇ 1440ಪಿಯಲ್ಲಿ ಎಚ್‌ಡಿಎಂಐ 2.0 ಸಾಮಾನ್ಯವಾಗಿ 144 ಹರ್ಟ್ಜ್‌ಗೆ ನಿಲ್ಲುತ್ತದೆ. ಡಿಸ್‌ಪ್ಲೇಪೋರ್ಟ್ 1.2ರಲ್ಲಿ 17.28 ಸಿಗುತ್ತದೆ, 165 ಆರಾಮಾಗಿ ಹೋಗುತ್ತದೆ. ನಿಮ್ಮ 1060ರಲ್ಲಿ ಇರುವುದು ಡಿಸ್‌ಪ್ಲೇಪೋರ್ಟ್ 1.4, ಅಲ್ಲಿ 25.92. ದಾರಿ ಬೇಕಾದ್ದಕ್ಕಿಂತ ಅಗಲವೇ ಇತ್ತು. ನಾನು ಓಣಿಯಲ್ಲಿ ಹೋಗುತ್ತಿದ್ದೆ.

ಆ ಸಂಜೆ ಒಂದು ಕೆಲಸ ಮಾಡಿದೆ. 3060 ಕಿತ್ತು, ತಂಗಿಗೆ ಕೊಡಬೇಕಿದ್ದ 1060 ಮತ್ತೆ ಹಾಕಿದೆ. ಡಿಸ್‌ಪ್ಲೇಪೋರ್ಟ್ ಕೇಬಲ್ ಸಿಕ್ಕಿಸಿದೆ. ಪಟ್ಟಿ ತೆರೆದೆ: 60, 120, 144, 165. ಹಳೆಯ ಕಾರ್ಡ್‌ನಲ್ಲೇ. ಮೊದಲ ದಿನದಿಂದಲೂ ಅದಕ್ಕೆ ಆಗುತ್ತಿತ್ತು.

ಅದರ ಮೇಲೂ ವಿಂಡೋಸ್ ತಾನಾಗಿ 165ಕ್ಕೆ ಹೋಗಿರಲಿಲ್ಲ, 60ರಲ್ಲೇ ಇತ್ತು. ನೀವೂ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಒಳಗೆ ಹೋಗಿ ಕೈಯಾರೆ ಆರಿಸಬೇಕಾಗಬಹುದು. ಎಷ್ಟೋ ಜನ ಸರಿಯಾದ ಕೇಬಲ್ ಹಾಕಿಯೂ ಇದೊಂದನ್ನು ಮಾಡದೆ ವರ್ಷಗಟ್ಟಲೆ 60ರಲ್ಲೇ ಆಡುತ್ತಾರೆ.

165 ಆರಿಸಿ ಮೌಸ್ ಅಲ್ಲಾಡಿಸಿದ ಕ್ಷಣ ನನಗಿನ್ನೂ ನೆನಪಿದೆ. ಬಾಣವನ್ನು ಗುಂಡಗೆ ಜೋರಾಗಿ ತಿರುಗಿಸಿ ನೋಡಿ. 60ರಲ್ಲಿ ದೂರದೂರ ನಿಂತ ಬಾಣಗಳ ಸಾಲು ಕಾಣುತ್ತದೆ, ಮಧ್ಯೆ ಖಾಲಿ. 165ರಲ್ಲಿ ಆ ಬಾಣಗಳು ಒತ್ತೊತ್ತಾಗಿ ಬರುತ್ತವೆ. ಒಂದು ಕಿಟಕಿಯನ್ನು ಹಿಡಿದು ಎಳೆದರೆ, ಓಡುತ್ತಿರುವಾಗಲೇ ಅದರ ತಲೆಬರಹ ಓದಬಹುದು. ಮೊದಲು ಅದು ನಿಲ್ಲುವವರೆಗೂ ಕಲಸಿಹೋಗುತ್ತಿತ್ತು. 60ರಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ಪರದೆ ಮೇಲಿರುತ್ತದೆ, 165ರಲ್ಲಿ ಸುಮಾರು 6. ಗೇಮ್ ತೆರೆಯುವ ಮೊದಲೇ, ಬರೀ ಡೆಸ್ಕ್‌ಟಾಪ್‌ನಲ್ಲೇ ಇದು ಕಾಣುತ್ತದೆ. ಡೆಸ್ಕ್‌ಟಾಪ್ ಓಡಿಸಲು ದೊಡ್ಡ ಕಾರ್ಡ್ ಬೇಡ ಅಲ್ವಾ? ತಂಗಿಯನ್ನು ಮತ್ತೆ ಕರೆದೆ. ಈ ಸಲ ಅವಳು ಮೌಸ್ ನನ್ನ ಕೈಗೆ ವಾಪಸ್ ಕೊಡಲಿಲ್ಲ.

ಸಿನಿಮಾ, ವಿಡಿಯೊಗಳಲ್ಲಿ ಏನೂ ಬದಲಾಗಲ್ಲ. ಅವುಗಳಲ್ಲಿ ಹೆಚ್ಚಿನವು ಚಿತ್ರೀಕರಿಸಿದ್ದೇ 24, 30 ಫ್ರೇಮ್‌ಗಳಲ್ಲಿ.

ಈಗ ನಿಮ್ಮ ಮುಖ್ಯ ಚಿಂತೆಗೆ ಬರುತ್ತೇನೆ. "165 ಎಫ್‌ಪಿಎಸ್ ಬರದಿದ್ದರೆ 165 ಹರ್ಟ್ಜ್ ಯಾಕೆ?" ಅಂತ ಕೇಳಿದ್ದೀರಿ. ಈ ಪ್ರಶ್ನೆಯನ್ನೇ ನಾನು ಒಪ್ಪಲ್ಲ. 165 ಅನ್ನುವುದು ಮಾನಿಟರ್ ಮುಟ್ಟಬಲ್ಲ ಗರಿಷ್ಠ ವೇಗ, ಕಾರ್ಡ್ ಪಾಸಾಗಬೇಕಾದ ಪರೀಕ್ಷೆ ಅಲ್ಲ. ಅಡಾಪ್ಟಿವ್ ಸಿಂಕ್ ಇರುವ ಮಾನಿಟರ್‌ನಲ್ಲಿ ಕಾರ್ಡ್ ಯಾವಾಗ ಫ್ರೇಮ್ ಕೊಡುತ್ತದೋ ಆಗಲೇ ಪರದೆ ಹೊಸ ಚಿತ್ರ ತೋರಿಸುತ್ತದೆ. ಕಾರ್ಡ್ 73 ಕೊಟ್ಟರೆ ಮಾನಿಟರ್ 73ರಲ್ಲಿ ಓಡುತ್ತದೆ, 91 ಕೊಟ್ಟರೆ 91ರಲ್ಲಿ. ಚಿತ್ರ ಅಡ್ಡಕ್ಕೆ ಹರಿಯಲ್ಲ, ಜರ್ಕ್ ಹೊಡೆಯಲ್ಲ. ನನ್ನ ಮಾನಿಟರ್‌ನಲ್ಲಿ ಈ ಹೊಂದಾಣಿಕೆ 48ರಿಂದ 165ರವರೆಗೆ. 48ಕ್ಕಿಂತ ಕೆಳಗೆ ಇಳಿದರೆ ಒಂದೇ ಫ್ರೇಮನ್ನು ಎರಡು ಸಲ ತೋರಿಸುತ್ತದೆ: ಗೇಮ್ 40 ಕೊಟ್ಟರೆ ಪರದೆ 80. ಹಾಗಾಗಿ ಇಂಥ ಮಾನಿಟರ್‌ನಿಂದ ಜಾಸ್ತಿ ಲಾಭ ಸಾಧಾರಣ ಕಾರ್ಡ್ ಇರುವವರಿಗೇ. ಎಫ್‌ಪಿಎಸ್ ಮೇಲೆ ಕೆಳಗೆ ಕುಣಿಯುವುದು ಅವರಿಗೇ ತಾನೇ?

ನಿಮ್ಮ ಕಾರ್ಡ್‌ಗೆ ಇದು ಸಿಗುತ್ತಾ? ಸಿಗುತ್ತೆ. 2019ರ ಜನವರಿಯಲ್ಲಿ ಎನ್‌ವಿಡಿಯಾ ಡ್ರೈವರ್ ಬದಲಿಸಿ, ಜಿಟಿಎಕ್ಸ್ 10 ಸರಣಿಯಿಂದ ಮುಂದಿನ ಕಾರ್ಡ್‌ಗಳಿಗೆ ಫ್ರೀಸಿಂಕ್ (ಎಎಂಡಿ ಕಂಪನಿಯ ಅಡಾಪ್ಟಿವ್ ಸಿಂಕ್) ಮಾನಿಟರ್‌ಗಳ ಬಾಗಿಲು ತೆರೆಯಿತು. 900 ಸರಣಿಗೆ ಇದು ಬರಲಿಲ್ಲ, 970 ಇಟ್ಟುಕೊಂಡವರು ನನ್ನ ಮಾತು ಕೇಳಿ ನಿರಾಶರಾಗಬೇಡಿ. ಆದರೆ 10 ಸರಣಿಯಲ್ಲಿ ಇದು ಡಿಸ್‌ಪ್ಲೇಪೋರ್ಟ್ ಮೂಲಕ ಮಾತ್ರ ನಡೆಯುತ್ತದೆ. ನನ್ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿ-ಸಿಂಕ್ ಪುಟ ಕಾಣದಿದ್ದದ್ದೂ ಇದಕ್ಕೇ. ಒಂದೇ ತಪ್ಪು ಕೇಬಲ್ ಎರಡು ಸೌಲಭ್ಯವನ್ನು ಮುಚ್ಚಿಹಾಕಿತ್ತು, ನಾನು ಎರಡನ್ನೂ ಕಾರ್ಡ್‌ನ ತಲೆಗೆ ಕಟ್ಟಿದ್ದೆ. ಕೇಬಲ್ ಬದಲಿಸಿದ ಮೇಲೆ ಮಾನಿಟರ್ ಮೆನುವಿನಲ್ಲಿ ಫ್ರೀಸಿಂಕ್ ಆನ್ ಮಾಡಿ, ಆಮೇಲೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿ-ಸಿಂಕ್ ಟಿಕ್ ಮಾಡಿ. ಗರಿಷ್ಠ ಫ್ರೇಮ್ ರೇಟನ್ನು 160ರ ಆಸುಪಾಸಿಗೆ ಕಟ್ಟಿಡಿ. ಹಗುರವಾದ ಗೇಮ್‌ಗಳಲ್ಲಿ ಎಫ್‌ಪಿಎಸ್ 165 ದಾಟಿ ಹೋದರೆ ಈ ಹೊಂದಾಣಿಕೆ ಕೈಬಿಡುತ್ತದೆ.

"8ಕೆ ಅಂತ ಬರೆದಿರುವ ಎಚ್‌ಡಿಎಂಐ ಕೇಬಲ್ ತಂದರೆ ಸರಿಹೋಗುತ್ತಾ?" ಅಂತಲೂ ಕೇಳಿದ್ದೀರಿ. ಇಲ್ಲ. ಕೇಬಲ್ ಎಷ್ಟೇ ದಪ್ಪ ಇರಲಿ, ಎರಡು ತುದಿಯ ಪೋರ್ಟ್‌ಗಳಲ್ಲಿ ಯಾವುದು ಹಳೆಯದೋ ಅದೇ ಮಿತಿ. ಮಾನಿಟರ್‌ನಲ್ಲಿ ಎಚ್‌ಡಿಎಂಐ 2.1 ಇದ್ದರೂ ನಿಮ್ಮ 1060ರ ಕಡೆ ಇರುವುದು 2.0. ಎಚ್‌ಡಿಎಂಐನಿಂದ ಡಿಸ್‌ಪ್ಲೇಪೋರ್ಟ್‌ಗೆ ಹೋಗುವ ಅಡಾಪ್ಟರ್ ಕೂಡ ಬೇಡ. ಮಾನಿಟರ್ ಜೊತೆ ಬರುವ ಡಿಸ್‌ಪ್ಲೇಪೋರ್ಟ್ ಕೇಬಲ್ ಸಾಕು. ಬರದಿದ್ದರೆ ಒಂದೂವರೆ, ಎರಡು ಮೀಟರ್ ಉದ್ದದ, ವೆಸಾ (ಡಿಸ್‌ಪ್ಲೇಪೋರ್ಟ್ ಮಾನದಂಡ ರೂಪಿಸುವ ಸಂಸ್ಥೆ) ಪ್ರಮಾಣೀಕರಣ ಇರುವ ಕೇಬಲ್ ತಗೊಳ್ಳಿ. ಸುಮ್ನೆ ಐದು ಮೀಟರ್ ತಗೊಬೇಡಿ, ಉದ್ದವಾದಷ್ಟೂ ಪರದೆ ಆಗಾಗ ಕಪ್ಪಾಗುವ ಸಾಧ್ಯತೆ ಜಾಸ್ತಿ. ಇನ್ನೊಂದು, ಕೇಬಲನ್ನು ಕಾರ್ಡ್‌ನ ಪೋರ್ಟ್‌ಗೇ ಹಾಕಿ. ಮೇಲೆ ಮದರ್‌ಬೋರ್ಡ್‌ನಲ್ಲೂ ಅದೇ ಆಕಾರದ ಪೋರ್ಟ್ ಇರಬಹುದು, ಅದಕ್ಕಲ್ಲ.

ಮಾನಿಟರ್ ಮೆನುವಿನಲ್ಲಿ ಓವರ್‌ಡ್ರೈವ್ ಅಂತ ಇರುತ್ತದೆ, ಪಿಕ್ಸೆಲ್‌ಗಳು ಬೇಗ ಬಣ್ಣ ಬದಲಿಸುವಂತೆ ಮಾಡುವ ಸೆಟ್ಟಿಂಗ್. ಅದನ್ನು ಕೊನೆಯ ಹಂತಕ್ಕೆ ಏರಿಸಬೇಡಿ. ನಾನು ಏರಿಸಿದೆ, ಓಡುವ ವಸ್ತುಗಳ ಹಿಂದೆ ಬಿಳಿಚಿದ ನೆರಳು ಬಂತು. ಮಧ್ಯದ ಹಂತವೇ ಸರಿ.

1080ಪಿ ತಗೊಳ್ಳಲಾ ಅನ್ನುವುದು ಕೊನೆಯ ಪ್ರಶ್ನೆ. ನಿಜ, 1440ಪಿಯಲ್ಲಿ ಪಿಕ್ಸೆಲ್‌ಗಳು ಸುಮಾರು 1.78 ಪಟ್ಟು, ಕಾರ್ಡ್ ಅಷ್ಟು ಬೆವರುತ್ತದೆ. ಆದರೂ ನಾನು 1440ಪಿಯೇ ಅನ್ನುತ್ತೇನೆ. ಕಾರ್ಡ್ ಮುಂದೆ ಹೇಗೂ ಬದಲಾಗುತ್ತದೆ, ಮಾನಿಟರ್ ಅದಕ್ಕಿಂತ ಜಾಸ್ತಿ ವರ್ಷ ನಿಮ್ಮ ಮುಂದೆ ಕೂತಿರುತ್ತದೆ. ಭಾರವಾದ ಗೇಮ್‌ಗಳಲ್ಲಿ ನೆರಳು, ಪ್ರತಿಬಿಂಬಗಳ ಸೆಟ್ಟಿಂಗ್ ಎರಡು ಹಂತ ಇಳಿಸಿ. ನನ್ನ 1060 ಹಾಗೆ 55, 60ರಲ್ಲಿ ಓಡುತ್ತಿತ್ತು, ಸಿಂಕ್ ಇದ್ದದ್ದರಿಂದ ಕಣ್ಣಿಗೆ ತೊಂದರೆ ಆಗಲಿಲ್ಲ. ವ್ಯಾಲರಂಟ್ ಥರದ ಹಗುರ ಗೇಮ್‌ಗಳಲ್ಲಿ 100 ಸುಲಭವಾಗಿ ದಾಟುತ್ತಿತ್ತು.

ಇಷ್ಟೆಲ್ಲ ಸರಿಯಾಗಿ ಹಾಕಿ, ಒಂದು ತಿಂಗಳು ಆಡಿ ನೋಡಿ. ನೀವು ದಿನಾ ಆಡುವ ಗೇಮ್ ಸೆಟ್ಟಿಂಗ್ ಇಳಿಸಿದ ಮೇಲೂ 48ರ ಕೆಳಗೇ ತೆವಳುತ್ತಿದ್ದರೆ ಆಗ ಹೊಸ ಕಾರ್ಡ್ ಮಾತು. ಅದಕ್ಕೂ ಮೊದಲು ಸಿಪಿಯು ಬಾಕ್ಸ್‌ನ ಪಕ್ಕದ ಬಾಗಿಲು ತೆರೆದು, ಪವರ್ ಸಪ್ಲೈನಿಂದ ಬರುವ ವೈರ್‌ನ ತುದಿಯಲ್ಲಿ 6 ಪಿನ್ ಇದೆಯಾ 8 ಇದೆಯಾ ಎಣಿಸಿಕೊಳ್ಳಿ.