ಡೊಂಬಿವಲಿಯ ಮನೆಪತ್ರ ಮತ್ತು ಹೆಲಿಕಾಪ್ಟರ್ ಲೈಸೆನ್ಸ್

ಸಲಹೆ ಕೇಳಿ ನನ್ನ ಬಳಿ ಬಂದ ಅಪ್ಪ-ಮಗಳ ಕಥೆಯಿದು. ಗುರುತು ಸಿಗದಿರಲೆಂದು ಹೆಸರನ್ನೂ ಕೆಲವು ಕೌಟುಂಬಿಕ ವಿವರಗಳನ್ನೂ ಬದಲಿಸಿದ್ದೇನೆ. ಹುಡುಗಿಯನ್ನು ಶ್ರಾವ್ಯಾ ಎನ್ನೋಣ. ವಯಸ್ಸು 21, ಬಿ.ಎಸ್ಸಿ. ಕೊನೆಯ ವರ್ಷ. ತಂದೆ ಕುಂದಾಪುರದ ಕಡೆಯವರು. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಲೇ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಈಗ ಕಚೇರಿಯೊಂದರ ಕ್ಯಾಂಟೀನ್ ಗುತ್ತಿಗೆ ನಡೆಸುತ್ತಾರೆ. ಆಸ್ತಿ ಎಂದರೆ ಡೊಂಬಿವಲಿಯ ಫ್ಲಾಟ್ ಒಂದೇ.

ಜುಹುವಿನಿಂದ ಅರಬ್ಬೀ ಸಮುದ್ರದಲ್ಲಿರುವ ಮುಂಬೈ ಹೈ ತೈಲಕ್ಷೇತ್ರಕ್ಕೆ ಹಾರುವ ಹೆಲಿಕಾಪ್ಟರುಗಳ ಪೈಲಟ್ ಆಗಬೇಕೆಂಬುದು ಶ್ರಾವ್ಯಾಳ ಆಸೆ. ತರಬೇತಿ, ವಸತಿ ಎಲ್ಲ ಸೇರಿ ಅವಳು ಹಾಕಿದ್ದ ಅಂದಾಜು ಅರ್ಧ ಕೋಟಿ ದಾಟಿತ್ತು. ಫ್ಲಾಟ್ ಅಡವಿಟ್ಟು 40 ಲಕ್ಷ ಸಾಲ ಮಾಡುವ ಯೋಚನೆ. ತಂದೆ ಹೂಂ ಎಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ. ಮನೆಯಲ್ಲಿ ಮಾತು ಊಟ-ತಿಂಡಿಗಷ್ಟೇ ಉಳಿದಿತ್ತು.

ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದೆ. "ಅಪ್ಪನಿಗೆ ನನ್ನ ಮೇಲೆ ನಂಬಿಕೆ ಇಲ್ಲ ಮೇಡಂ" ಎಂದಳು ಅವಳು. ತಂದೆ ಬಹಳ ಹೊತ್ತು ಸುಮ್ಮನಿದ್ದು, "ಬೇಡ ಎಂದರೆ ಹೆಣ್ಣೆಂದು ತಡೆದರು ಅಂದುಕೊಳ್ಳುತ್ತಾಳೆ. ಅದಕ್ಕೇ ಬಾಯಿ ಬಿಡಲಿಲ್ಲ" ಎಂದರು. ಗುತ್ತಿಗೆ ಮುಂದಿನ ವರ್ಷ ನವೀಕರಣವಾಗುವುದು ಅನುಮಾನ ಎಂಬುದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಆ ವಿಷಯ ಮಗಳಿಗೆ ತಿಳಿಯದೆ ಯಾವ ಸಲಹೆಯೂ ಅರ್ಥವಿಲ್ಲದ್ದು. ಮುಂದಿನ ಭೇಟಿಯಲ್ಲಿ ಅವರ ಬಾಯಿಂದಲೇ ಹೇಳಿಸಿದೆ. ಶ್ರಾವ್ಯಾ ಅತ್ತಳು, ಆಮೇಲೆ ಅವಳೇ ಕಾಗದ, ಪೆನ್ನು ಕೇಳಿದಳು.

ಲೆಕ್ಕ ಹೀಗಿತ್ತು. ಶೇ. 10ರ ಬಡ್ಡಿಯಲ್ಲಿ 40 ಲಕ್ಷ ಸಾಲವನ್ನು 15 ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 43,000 ರೂಪಾಯಿ ಕಂತು. ಓದುವಾಗ ಕಂತು ಕಟ್ಟಬೇಕಿಲ್ಲ ಎಂಬುದನ್ನು ಜನ ಬಡ್ಡಿಯೇ ಇಲ್ಲವೆಂದು ತಿಳಿಯುತ್ತಾರೆ. ಹಣವನ್ನೆಲ್ಲ ಮೊದಲೇ ಪಡೆದು ಮೂರು ವರ್ಷ ಏನೂ ಕಟ್ಟದಿದ್ದರೆ ಸರಳ ಬಡ್ಡಿಯೇ 12 ಲಕ್ಷ. ಆಗ ಕಂತು 56,000ದ ಹತ್ತಿರ. ಕೆಲಸ ಸಿಗುವುದು ಎರಡು ವರ್ಷ ತಡವಾದರೆ ಇದನ್ನು ಯಾರು ಕಟ್ಟುತ್ತಾರೆ? ತಂದೆಗೆ ಆಗ ಅರವತ್ತು ದಾಟಿರುತ್ತದೆ.

ತಡವಾಗುವುದು ಬರೀ ಭಯದ ಮಾತೂ ಅಲ್ಲ. ವಾಣಿಜ್ಯ ಲೈಸೆನ್ಸಿಗೆ ವಿಮಾನವಾದರೆ 200 ಗಂಟೆ ಹಾರಾಟ ಬೇಕು, ಹೆಲಿಕಾಪ್ಟರಿಗೆ 150 ಸಾಕು; ಆದರೆ ಹೆಲಿಕಾಪ್ಟರಿನ ಒಂದೊಂದು ಗಂಟೆಯೂ ತುಟ್ಟಿ. ಇಷ್ಟು ಗಂಟೆ ಹಾರಿ ಬಂದ ಹೊಸಬರು, ಸೇನೆಯಲ್ಲಿ ಸಾವಿರಾರು ಗಂಟೆ ಹಾರಿಸಿ ನಿವೃತ್ತರಾದವರ ಜೊತೆ ಅದೇ ಕೆಲಸಗಳಿಗೆ ಸಾಲು ನಿಲ್ಲಬೇಕು. ಕಲಿಯುವುದು ಸಾಮಾನ್ಯವಾಗಿ ಒಂದೇ ಎಂಜಿನ್ನಿನ ಸಣ್ಣ ಹೆಲಿಕಾಪ್ಟರಿನಲ್ಲಿ. ಸಮುದ್ರದ ಮೇಲೆ ಹಾರುವುದು ಎರಡು ಎಂಜಿನ್ನಿನದು. ಅದಕ್ಕೆ ಮತ್ತೊಂದು ತರಬೇತಿ, ಮತ್ತೊಂದು ಖರ್ಚು. ಹೊರದೇಶದಲ್ಲಿ ಕಲಿತು ಬಂದರೂ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಪರೀಕ್ಷೆಗಳು ತಪ್ಪುವುದಿಲ್ಲ.

ಕನಸಿನ ಬೆನ್ನು ಹತ್ತು ಎಂದು ಬೆನ್ನು ತಟ್ಟಿ ಕಳಿಸುವ ಸಲಹೆಗಾರರನ್ನು ಕಂಡರೆ ನನಗೆ ಸಿಟ್ಟು. ಬೆನ್ನು ತಟ್ಟುವವರು ಕಂತು ಕಟ್ಟುವುದಿಲ್ಲ. ಹಾಗೆಂದು ಆಸೆ ಬಿಡು ಎಂದೂ ನಾನು ಹೇಳಲಿಲ್ಲ. ಸಣ್ಣ ಖರ್ಚಿನಲ್ಲಿ ಗೊತ್ತಾಗುವುದನ್ನು ಮೊದಲು ತಿಳಿದುಕೊ ಎಂದೆ. ಪೈಲಟ್ ಆಗುವವರಿಗೆ ಬೇಕಾದ ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆ, ನಂತರ ಮೊದಲ ದರ್ಜೆಯದು: ಬಣ್ಣಗುರುಡಿನಂಥ ದೋಷವಿದ್ದರೆ ಅಲ್ಲೇ ತಿಳಿಯುತ್ತದೆ, ಮನೆಪತ್ರ ಬ್ಯಾಂಕಿಗೆ ಹೋಗುವ ಮುನ್ನ. ಹವಾಮಾನ, ವಾಯುಯಾನ ನಿಯಮ, ಪಥನಿರ್ದೇಶನದ ಡಿಜಿಸಿಎ ಪರೀಕ್ಷೆಗಳಿಗೆ ಮನೆಯಲ್ಲೇ ಕುಳಿತು ಓದಬಹುದು. ಹಾರಾಟ ಶಾಲೆಗೆ ಸೇರುವುದೇ ಆದರೆ ಪೂರ್ತಿ ಶುಲ್ಕವನ್ನು ಒಟ್ಟಿಗೆ ಕಟ್ಟಬೇಡ, ಹಾರಿದಷ್ಟಕ್ಕೆ ಕಟ್ಟು. ಶಾಲೆಯಲ್ಲಿ ಎಷ್ಟು ಹೆಲಿಕಾಪ್ಟರ್ ಈಗ ಹಾರುವ ಸ್ಥಿತಿಯಲ್ಲಿವೆ ಎಂದು ಕೇಳು. ಕರಪತ್ರದಲ್ಲಿ ಎಷ್ಟಿವೆ ಎಂದಲ್ಲ.

ಅವಳ ಗಮನಕ್ಕೇ ಬಾರದ ದಾರಿ ಇನ್ನೊಂದಿತ್ತು. 20ರಿಂದ 24 ವರ್ಷದ ಪದವೀಧರರು ಅಫ್‌ಕ್ಯಾಟ್ ಪರೀಕ್ಷೆ ಬರೆದು ವಾಯುಪಡೆಯ ಹಾರಾಟ ಶಾಖೆ ಸೇರಬಹುದು. ಮಹಿಳೆಯರು ಅಲ್ಲಿ 1990ರ ದಶಕದಿಂದಲೇ ಹೆಲಿಕಾಪ್ಟರ್ ಹಾರಿಸುತ್ತಿದ್ದಾರೆ. ತರಬೇತಿಗೆ ಸಾಲ ಬೇಕಿಲ್ಲ. ಷರತ್ತುಗಳಿವೆ: ಹೆಲಿಕಾಪ್ಟರೇ ಸಿಗುತ್ತದೆಂಬ ಭರವಸೆಯಿಲ್ಲ, ಪೈಲಟ್ ಯೋಗ್ಯತಾ ಪರೀಕ್ಷೆಗೆ ಜೀವಮಾನದಲ್ಲಿ ಒಂದೇ ಅವಕಾಶ, ಆಯ್ಕೆಯಾದರೆ ವರ್ಷಗಟ್ಟಲೆ ಸೇನೆಯ ಶಿಸ್ತಿನ ಬದುಕು. ಇದು ಇಷ್ಟವಿದ್ದರೆ ಮಾತ್ರ ಹೋಗು, ಹಣ ಉಳಿಯುತ್ತದೆಂದು ಹೋಗಬೇಡ ಎಂದೆ.

ತಂದೆಗೆ ಹೇಳಿದ್ದು ಬೇರೆ. ಮಗಳಿಗೆ ನೀವು ಎಷ್ಟು ಕೊಡಬಲ್ಲಿರಿ ಎಂದು ಒಂದು ಮೊತ್ತ ಹೇಳಿ. ಆ ಹಣ ಮರಳಿ ಬಾರದಿದ್ದರೂ ಮನೆ ಉಳಿಯುವಷ್ಟಿರಲಿ. ಅವರು ಹೆಂಡತಿಯೊಡನೆ ಮಾತಾಡಿ ಎಂಟು ಲಕ್ಷ ಎಂದರು. ಫ್ಲಾಟನ್ನು ಮುಟ್ಟುವುದಿಲ್ಲ ಎಂದು ಶ್ರಾವ್ಯಾ ತಾನಾಗಿಯೇ ಒಪ್ಪಿದಳು.

ಕಳೆದ ಬಾರಿ ಬಂದಾಗ ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆ ಮುಗಿದಿತ್ತು, ಅಫ್‌ಕ್ಯಾಟ್ ಅರ್ಜಿ ಹಾಕಿದ್ದಳು. ಅಲ್ಲಿ ಆಯ್ಕೆಯಾಗದಿದ್ದರೆ ಕೆಲಸಕ್ಕೆ ಸೇರಿ ಕೂಡಿಟ್ಟು, ಆಮೇಲೆ ಹಾರಾಟ ಕಲಿಯುವುದಾಗಿ ಹೇಳಿದಳು. ಗುತ್ತಿಗೆಯ ಟೆಂಡರ್ ಕಾಗದಗಳನ್ನು ಈಗ ಅವಳೇ ತುಂಬಿಕೊಡುತ್ತಿದ್ದಾಳಂತೆ.